ಸೊಟ್ಟ ಸಾಲಿನ ಬಟ್ಟಲುಗಳು

ಬೀದಿಯವರೆಲ್ಲ ಅವಳನ್ನು ಬಟ್ಟಲಮ್ಮ ಎನ್ನುತ್ತಿದ್ದರು. ಚೀನೀ ವೈದ್ಯ ಪದ್ಧತಿಯಂತೆ ಗಾಜಿನ ಬಟ್ಟಲಿನೊಳಗೆ ಬೆಂಕಿ ಆಡಿಸಿ, ನೋಯುವ ಬೆನ್ನಿಗೆ ಕವುಚಿ, ಗಪ್ಪೆಂದು ಕಚ್ಚಿಸುವುದು ಅವಳ ಕಸುಬು. ಬಟ್ಟಲು ಕಚ್ಚಿದ ಮೇಲೆ ಮಲಗಿದವರು ಅಲ್ಲಾಡುವಂತಿಲ್ಲ. ಆಗಲೇ ಅವಳ ಬಾಯಿಗೆ ಬಿಡುವಿಲ್ಲ. ನಾದಿನಿಯ ಕೊಂಕು, ಸೋರುವ ನಲ್ಲಿ, ಪಕ್ಕದ ಮನೆಯ ನಾಯಿ, ಎಲ್ಲವೂ ಆ ಬಡಪಾಯಿಯ ಕಿವಿಗೇ ಬೀಳುತ್ತಿದ್ದವು.

ಒಂದು ಸಂಜೆ ಗಂಡ ಅಂಗಿ ಬದಲಿಸುವುದನ್ನು ನೋಡಿ ಅವಳಿಗೆ ಮೈಯೆಲ್ಲ ಉರಿಯಿತು. ಅವನ ಬೆನ್ನ ತುಂಬ ಬಟ್ಟಲಿನ ಹೊಸ ಗುರುತುಗಳು, ಅದೂ ಸೊಟ್ಟ ಸಾಲಿನಲ್ಲಿ. ಅವಳು ಇಟ್ಟ ಸಾಲಾದರೆ ದಾರ ಹಿಡಿದಂತೆ ನೇರ.

"ಹಿಂದಿನ ಬೀದಿಯವಳ ಹತ್ರ ಹೋಗಿದ್ರಾ? ಅವಳಿಗೆ ನೆಟ್ಟಗೆ ಬಟ್ಟಲು ಇಡೋಕೂ ಬರಲ್ವಲ್ರೀ!"

ಗಂಡ ತಲೆ ಕೆರೆದುಕೊಂಡ. "ಬರಲ್ಲ, ನಿಜ. ಆದ್ರೆ ಅಲ್ಲಿ ಮಲಗಿದ್ರೆ ನಿದ್ದೆ ಬರುತ್ತೆ ಕಣೇ."

ಬಟ್ಟಲಮ್ಮ ದೀಪ ಹಚ್ಚಿದಳು. ಎಲ್ಲಕ್ಕಿಂತ ದೊಡ್ಡ ಬಟ್ಟಲನ್ನು ಒರೆಸಿ, ಮಂಚದ ತಲೆದೆಸೆಗೇ ಕುರ್ಚಿ ಎಳೆದುಕೊಂಡು ಕೂತಳು.

"ಬೆನ್ನಲ್ಲಿ ಜಾಗ ಇಲ್ದಿದ್ರೆ ಏನಂತೆ, ತೊಡೆ ಖಾಲಿ ಇದ್ಯಲ್ಲ! ಬೋರಲು ಮಲಗಿ. ನಿಮ್ಮ ತಂಗಿ ಇವತ್ತು ಏನಂದ್ಲು ಗೊತ್ತಾ?"