ಸಿದ್ರಾಯನ ಡಬ್ಬಿ ಮತ್ತು ಎತ್ತಿನ ಲಾಳ

ಕಲ್ಲೋಳಿಯ ಸಿದ್ರಾಯನನ್ನು ನಾನು ಒಂದೂವರೆ ವರ್ಷ ನೀರು ತೋರಿಸುವವನೆಂದೇ ತಿಳಿದಿದ್ದೆ. ಊರಲ್ಲಿ ಇನ್ನೂ ನಾಲ್ಕು ಜನ ಹಾಗೆಯೇ ತಿಳಿದಿದ್ದರು ಎಂದು ಹೇಳಿಕೊಳ್ಳಬಹುದು. ಆದರೆ ತೆಂಗಿನಕಾಯಿ ಒಯ್ದವನು ನಾನೊಬ್ಬನೇ.

ನಮ್ಮ ಕಡೆ ಬೋರ್ ಕೊರೆಸುವ ಮುಂಚೆ, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ತುಂಬ ಅಡ್ಡಾಡುವವರನ್ನು ಕರೆಸುತ್ತಾರೆ. ಮಲಗಿದ ಕಾಯಿ ಎದ್ದು ನಿಂತಲ್ಲಿ ನೀರು. ಒಂದು ಮುಂಜಾನೆ ಕಲ್ಲೋಳಿ ಬಸ್ ನಿಲ್ದಾಣದ ಹಿಂದಿನ ಬಯಲಿನಲ್ಲಿ ಸಿದ್ರಾಯ ನಿಂತಿದ್ದ. ಬರಿಗಾಲು. ಚಪ್ಪಲಿ, ಕೈಗಡಿಯಾರ, ಕೀಲಿ ಗೊಂಚಲು, ಮೊಬೈಲು ಎಲ್ಲವನ್ನೂ ಇಪ್ಪತ್ತು ಹೆಜ್ಜೆ ದೂರ ಒಂದು ಕಲ್ಲಿನ ಮೇಲೆ ಬಿಟ್ಟು ಬಂದಿದ್ದ. ಎಂಥ ಮಡಿ ಎಂದುಕೊಂಡೆ. ಅಂಗೈಯಲ್ಲೊಂದು ಬಿಳಿ ಡಬ್ಬಿ. ಅದನ್ನು ಎದೆಯೆತ್ತರಕ್ಕೆ ಹಿಡಿದು ನಿಧಾನವಾಗಿ ತನ್ನ ಸುತ್ತ ತಾನೇ ತಿರುಗಿದ. ಆಮೇಲೆ ಗಾಳಿಯಲ್ಲಿ ಎಂಟರ ಅಂಕಿ ಬರೆದ. ಅಳಿಸಿದವನಂತೆ ಮತ್ತೊಮ್ಮೆ ಬರೆದ. ಮುಖದಲ್ಲಿ ಸಂತೆಯಿಂದ ಮೂಟೆ ಹೊತ್ತು ತಂದವನ ದಣಿವಿತ್ತು. ಅದನ್ನೂ ನಾನು ತಪಸ್ಸೆಂದೇ ಓದಿಕೊಂಡೆ.

ನಾಗನೂರಿನಲ್ಲಿ ನಮ್ಮದೊಂದು ಎರಡೆಕರೆ ಇದೆ. ಅದರಲ್ಲಿ ಎರಡು ಬೋರು ಬರಿದಾಗಿವೆ. ಮೂರನೆಯದಕ್ಕಾದರೂ ಯಂತ್ರದವನನ್ನೇ ಕೇಳೋಣವೆಂದು ಕಾಯಿ, ಎಲೆ, ಅಡಿಕೆ ಹಿಡಿದು ಅವನ ಅಂಗಡಿಗೆ ಹೋದೆ. ಅವನು ಬೋರಲು ಹಾಕಿದ ಬಕೀಟಿನ ಮೇಲೆ ಕೂತು ಏನನ್ನೋ ಬೆಸೆಯುತ್ತಿದ್ದ.

"ನೀರು ಎಲ್ಲೈತಿ ಅಂತ ಅಷ್ಟ ಹೇಳ್ರಿ. ಮುಂದಿಂದು ನಾ ನೋಡಕೋತೇನಿ," ಎಂದೆ.

ಸಿದ್ರಾಯ ಕಾಯಿಯನ್ನು ನೋಡಿದ, ನನ್ನನ್ನು ನೋಡಿದ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

"ನೀರು ಎಲ್ಲೈತಿ ಅಂತ ನನಗ ಗೊತ್ತೈತ್ರಿ."

ನಾನು ಮುಂದಕ್ಕೆ ಬಾಗಿದೆ.

"ಹಿಡಕಲ್ ಡ್ಯಾಮಿನ್ಯಾಗ ಐತಿ."

ಕಾಯಿಯನ್ನು ಮಾತ್ರ ವಾಪಸು ಕೊಡಲಿಲ್ಲ. ಆ ಕಾಯಿಯ ಋಣದಿಂದಲೇ ಇರಬೇಕು, ಮುಂದಿನ ಕಥೆ ನನಗೆ ಸಿಕ್ಕಿತು.

ಸಿದ್ರಾಯನಿಗೆ ಈಗ ಐವತ್ತೆರಡು. ಹದಿನಾರನೆಯ ವಯಸ್ಸಿಗೆ ಗೋಕಾಕದಲ್ಲಿ ಮೋಟರ್ ವೈಂಡಿಂಗ್ ಕಲಿಯಲು ಕೂತವನು ಇನ್ನೂ ಎದ್ದಿಲ್ಲ. ಅಂಗಡಿಯಲ್ಲಿ ಸುಟ್ಟ ಮೋಟರು, ಸುಟ್ಟ ಸ್ಟಾರ್ಟರು, ಅವುಗಳ ಹಿಂದೆ ಅಷ್ಟೇ ಸುಟ್ಟ ಮುಖದ ರೈತರು. ಮನೆಯಲ್ಲಿ ಕೂತು ಫೋನ್ ಮಾಡಿದರೆ ಹೊಲದ ಪಂಪ್‌ಸೆಟ್ ಚಾಲೂ ಆಗುವ ಪೆಟ್ಟಿಗೆಗಳು ಬಂದ ಮೇಲೆ ಅವನ ಕೆಲಸ ಕಡಿಮೆಯಾಗಬೇಕಿತ್ತು, ಇಮ್ಮಡಿಯಾಯಿತು. ಮೊದಲು ಮೋಟರು ಕೆಡುತ್ತಿತ್ತು, ಈಗ ಮೋಟರೂ ಕೆಡುತ್ತದೆ, ಪೆಟ್ಟಿಗೆಯೂ ಕೆಡುತ್ತದೆ. "ಸಾಕಾಗೈತ್ರಿ" ಎನ್ನುವುದು ಅವನ ನಮಸ್ಕಾರ. ಬಂದವರು "ನಮಗೂ" ಎಂದು ಪ್ರತಿ ನಮಸ್ಕಾರ ಮಾಡುತ್ತಾರೆ.

ಅವನ ಅಕ್ಕ ಅಲ್ಲವ್ವನನ್ನು ಕೊಟ್ಟದ್ದು ಹುಕ್ಕೇರಿ ತಾಲೂಕಿನಲ್ಲಿ, ಹಿಡಕಲ್ ಹಿನ್ನೀರಿನ ದಂಡೆಯ ಒಂದು ಊರಿಗೆ. ಆಕೆಯ ಗಂಡ ಸತ್ತೆಪ್ಪ ಮೀನು ಹಿಡಿಯುವವನು. ಉಳಿದವರು ಹುಟ್ಟು ಹಾಕುತ್ತಿದ್ದಾಗ ಸತ್ತೆಪ್ಪ ತನ್ನ ದೋಣಿಗೆ ಬಿದಿರು ನಿಲ್ಲಿಸಿ, ಹಳೆಯ ತಾಡಪತ್ರಿ ಕಟ್ಟಿ, ಗಾಳಿಯ ಮೇಲೆ ಹೋಗುತ್ತಿದ್ದ. ಸೋಮಾರಿಗೆ ಬುದ್ಧಿ ಜಾಸ್ತಿ ಎಂದು ಊರವರು ನಗುತ್ತಿದ್ದರು. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಅವನ ಎಡಗೈ ಹೋಯಿತು. ಕೈ ಇದೆ, ಆದರೆ ಹೇಳಿದ್ದು ಕೇಳುವುದಿಲ್ಲ.

ಹುಟ್ಟು ಹಾಕಲು ಎರಡು ಕೈ ಬೇಕು. ಹಾಯಿಗೂ ಎರಡು ಬೇಕು: ಒಂದು ಹಾಯಿಯ ಹಗ್ಗಕ್ಕೆ, ಒಂದು ಚುಕ್ಕಾಣಿಗೆ. ಸತ್ತೆಪ್ಪನ ಹತ್ತಿರ ಹಗ್ಗದ ಕೈ ಉಳಿದಿತ್ತು, ಚುಕ್ಕಾಣಿಯದು ಹೋಗಿತ್ತು.

ಅಷ್ಟರಲ್ಲಿ ಮೀನುಗಾರರ ಸಂಘದ ಚೇರಮನ್ ಉದ್ದಪ್ಪನವರು ಹೊಸ ನಿಯಮ ತಂದರು. ಒಬ್ಬನೇ ದೋಣಿಯಲ್ಲಿ ಆಚೆ ದಂಡೆಗೆ ಹೋಗಿ ಬಂದು ತೋರಿಸಿದವರಿಗೆ ಮಾತ್ರ ಬಲೆ ಹಾಕುವ ಪಾಸು. ನಿಯಮ ತಪ್ಪೆಂದು ಹೇಳಲಾರೆ, ಮುಳುಗಿದರೆ ಉತ್ತರ ಹೇಳಬೇಕಾದವರು ಅವರೇ. ಆದರೆ ಅದನ್ನು ಧ್ವನಿವರ್ಧಕದಲ್ಲಿ ತಮ್ಮ ಹೆಸರು ಮೂರು ಸಲ ಬರುವಂತೆ ಸಾರಿಸಬೇಕಾಗಿರಲಿಲ್ಲ. ಪಾಸು ತಪ್ಪಿದರೆ ದೋಣಿ ಮಾರಬೇಕು. ಸತ್ತೆಪ್ಪ ಉಳಿದ ಆಯುಷ್ಯವೆಲ್ಲ ಕಟ್ಟೆಯ ಮೇಲೆ ಕೂತು "ಕೈ ಹೆಂಗೈತೋ" ಎಂದವರಿಗೆಲ್ಲ ಉತ್ತರ ಕೊಡಬೇಕು. ಅವನಿಗೆ ಸಾವಿಗಿಂತ ಆ ಪ್ರಶ್ನೆಯ ಭಯ ಹೆಚ್ಚು.

"ಫೋನ್ ಮಾಡಿದ್ರ ಮೋಟರ್ ತಿರಗತೈತಿ ಅಂದ್ರ, ದಿಕ್ಕು ನೋಡಿ ಮೋಟರ್ ಯಾಕ ತಿರಗಬಾರದು?" ಸಿದ್ರಾಯ ಮಾಡಿದ ತರ್ಕ ಇಷ್ಟೇ. ಮೊಬೈಲಿನಲ್ಲಿ ಹುಡುಕಿದಾಗ ಬಿಳಿ ಗಡ್ಡದ ಒಬ್ಬ ಪರದೇಶಿ ಸಿಕ್ಕ. ನಡು ಸಮುದ್ರದಲ್ಲಿ ಕಾಲು ಚಾಚಿ ಚಹಾ ಕುಡಿಯುತ್ತಿದ್ದ, ಹಾಯಿದೋಣಿ ತನ್ನಷ್ಟಕ್ಕೆ ತಾನು ಹೋಗುತ್ತಿತ್ತು. "ಅಂವಗ ಎರಡೂ ಕೈ ನೆಟ್ಟಗಿದ್ದುವ್ರಿ. ಬರೇ ಚಹಾ ಕುಡ್ಯಾಕ ಇಷ್ಟ ಮಾಡ್ಯಾನ," ಎಂದ ಸಿದ್ರಾಯ. ಅಂಥ ಯಂತ್ರದ ಬೆಲೆ ವಿಚಾರಿಸಿ ಫೋನು ಕೆಳಗಿಟ್ಟವನು ಗುಜರಿಗೆ ಹೊರಟ.

ಹತ್ತರಗಿಯ ಹೆದ್ದಾರಿ ಬದಿಯ ಗುಜರಿಯಲ್ಲಿ ಹಳೆಯ ಲಾರಿಯ ವೈಪರ್ ಮೋಟರ್ ಸಿಕ್ಕಿತು. ಬೆನ್ನಿಗೆ ಕಟ್ಟಿಕೊಂಡು ಬೆಳೆಗೆ ಔಷಧಿ ಹೊಡೆಯುವ ಪಂಪಿನ ಬ್ಯಾಟರಿ ಅಂಗಡಿಯಲ್ಲೇ ಇತ್ತು. ಬಿಳಿ ಡಬ್ಬಿ ಮನೆಯ ಮಸಾಲೆಯದು. ಇವತ್ತಿಗೂ ಬಿಚ್ಚಿದರೆ ಜೀರಿಗೆ ವಾಸನೆ ಬರುತ್ತದೆ. ಅದರೊಳಗೆ ದೋಣಿಯ ಮೂಗು ಎತ್ತ ಇದೆ ಎಂದು ಹೇಳುವ ದಿಕ್ಸೂಚಿಯ ಚೂರು, ದೋಣಿ ಎಲ್ಲಿದೆ ಎಂದು ಹೇಳುವ ಜಿಪಿಎಸ್, ಇಬ್ಬರ ಮಾತೂ ಕೇಳಿ ಮೋಟರಿಗೆ ಅಪ್ಪಣೆ ಕೊಡುವ ಹಸಿರು ಬೋರ್ಡು. ದೋಣಿಯ ಹಿಂಬದಿಗೆ ಕೂರಿಸಿದ ವೈಪರ್ ಮೋಟರು ನೈಲಾನ್ ಹಗ್ಗ ಸುತ್ತಿ ಬಿಚ್ಚಿ ಚುಕ್ಕಾಣಿಯನ್ನು ಎಡಕ್ಕೂ ಬಲಕ್ಕೂ ಎಳೆಯುತ್ತದೆ. ಆಚೆ ದಂಡೆ ಮುಟ್ಟಿದ ಮೇಲೆ ಹಿಂದಿರುಗಲು ಒಂದು ಬಟನ್ನು. ಅದು ಮನೆ ಬಾಗಿಲಿನ ಕರೆಗಂಟೆಯದು.

ಇಷ್ಟು ಹೇಳಲು ನನಗೆ ಒಂದು ಪರಿಚ್ಛೇದ ಸಾಕಾಯಿತು. ಅವನಿಗೆ ಎರಡು ವರ್ಷ ಹಿಡಿಯಿತು. ಪ್ರತಿ ಆದಿತ್ಯವಾರ ಕಲ್ಲೋಳಿಯಿಂದ ಗೋಕಾಕ, ಅಲ್ಲಿಂದ ಹುಕ್ಕೇರಿ ಕಡೆಯ ಬಸ್ಸು, ಆಮೇಲೆ ಟಂಟಂ ರಿಕ್ಷಾ, ಆಮೇಲೆ ನಡಿಗೆ. ಮೊಣಕಾಲು ನೋವು. ಒಂದು ಆದಿತ್ಯವಾರ ಡಬ್ಬಿಯೊಳಗೆ ನೀರು, ಮುಂದಿನ ವಾರ ಹಗ್ಗ ಸಿಕ್ಕಿಕೊಂಡಿತು, ಅದರ ಮುಂದಿನ ವಾರ ಗಾಳಿಯೇ ಇಲ್ಲ. "ಆದಿತ್ಯವಾರ ಮನ್ಯಾಗಿರೂ ಗಂಡಸರನ್ನ ನಾ ಫೋಟೋದಾಗ ನೋಡೇನ್ರಿ," ಎಂದು ಅವನ ಹೆಂಡತಿ ಶೋಭಾ ನನಗೆ ಹೇಳಿದ್ದಳು. ಬಯಲಿನಲ್ಲಿ ಎಂಟರ ಅಂಕಿ ಬರೆದದ್ದು ದಿಕ್ಸೂಚಿಗೆ ದಿಕ್ಕು ಕಲಿಸಲು. ಹತ್ತಿರ ಕಬ್ಬಿಣವಿದ್ದರೆ ಅದು ತಪ್ಪು ಕಲಿಯುತ್ತದೆ, ಅದಕ್ಕೇ ಮೊಳೆ ಹೊಡೆದ ಚಪ್ಪಲಿಯನ್ನೂ ದೂರ ಬಿಟ್ಟದ್ದು. ನಾನು ಮಡಿ ಎಂದುಕೊಂಡದ್ದು ಅದನ್ನು.

ಪರೀಕ್ಷೆಯ ದಿನ ನನ್ನನ್ನೂ ಕರೆದ. "ಬಂದ್ರ ಬರ್ರಿ. ಬ್ಯಾಟರಿ ಹೊರಾಕ ಒಬ್ಬರು ಬೇಕು."

ಅಮಾವಾಸ್ಯೆಯ ಮರುದಿನ ಅದು. ದಂಡೆಯ ಮೇಲೆ ಅರ್ಧ ಊರು ನೆರೆದಿತ್ತು. ಉದ್ದಪ್ಪನವರು ಶಾಲು, ಹಾರ, ಫೋಟೋದವನೊಂದಿಗೆ ಬಂದಿದ್ದರು. ಅವರ ಸಂತೋಷಕ್ಕೆ ಕಾರಣವಿತ್ತು. ಸತ್ತೆಪ್ಪನ ಹೊಸ ಹಾಯಿ ಅವರದೇ ಹುಟ್ಟುಹಬ್ಬದ ಹಳೆಯ ಫ್ಲೆಕ್ಸು. ಹರಿದು ಬಿದ್ದದ್ದನ್ನು ಅಲ್ಲವ್ವ ದಬ್ಬಣದಲ್ಲಿ ಹೊಲಿದು ಗಟ್ಟಿ ಮಾಡಿದ್ದಳು. ಕೈಮುಗಿದ ಉದ್ದಪ್ಪನವರು ಬಿದಿರಿನ ಮೇಲೆ ಆಳೆತ್ತರ ನಿಂತಿದ್ದರು.

"ನೋಡ್ರಿ, ಜನರ ಪ್ರೀತಿ," ಎಂದರು ನನಗೆ.

ಗಾಳಿ ಬಾಜೂದಿಂದ ಬೀಸುತ್ತಿತ್ತು. ಹೋಗಲೂ ಬರಲೂ ಅನುಕೂಲ. ಸತ್ತೆಪ್ಪ ಬಲಗೈಯಲ್ಲಿ ಹಗ್ಗ ಹಿಡಿದು ಕೂತ. ಮೋಟರು ಗುಂಯ್‌ಗುಟ್ಟಿತು. ದೋಣಿ ನೂರು ಮಾರು ಹೋಯಿತು, ಎಡಕ್ಕೆ ಹೊರಳಿತು, ಇನ್ನೂ ಎಡಕ್ಕೆ ಹೊರಳಿತು, ಪೂರ್ತಿ ಒಂದು ಸುತ್ತು ಹಾಕಿತು. ಹಾಯಿಯ ಬಿದಿರು ಬೀಸಿ ಬಂದಾಗ ಸತ್ತೆಪ್ಪ ತಲೆ ಬಗ್ಗಿಸಿದ. ಎರಡನೆಯ ಸುತ್ತು. ಉದ್ದಪ್ಪನವರ ಮುಖ ಬಂತು, ಹೋಯಿತು, ಮತ್ತೆ ಬಂತು, ಕೈಮುಗಿದುಕೊಂಡೇ.

"ಚೇರಮನ್ರು ಪ್ರದಕ್ಷಿಣಿ ಹಾಕಾಕತ್ತಾರಲೇ!" ಎಂದು ಹಿಂದಿನಿಂದ ಯಾರೋ ಕೂಗಿದರು. ದಂಡೆ ಬಿದ್ದು ಬಿದ್ದು ನಕ್ಕಿತು. ಮೂರನೆಯ ಸುತ್ತಿಗೆ ಸತ್ತೆಪ್ಪ ಹಾಯಿ ಇಳಿಸಿದ. ತೆಪ್ಪ ಕಳಿಸಿ ಅವನನ್ನು ಎಳೆದು ತರಬೇಕಾಯಿತು. ಯಾರ ಮುಖವನ್ನೂ ನೋಡದೆ ಅವನು ತನ್ನ ಬಲಗೈಯಿಂದ ಎಡಗೈಯನ್ನೆತ್ತಿ ತೊಡೆಯ ಮೇಲಿಟ್ಟುಕೊಂಡ.

ಸಿದ್ರಾಯ ದೋಣಿ ಹತ್ತಿದ. ಡಬ್ಬಿ ಬಿಚ್ಚಿ ದಂಡೆಗೆ ತಂದ. ಸರಿಯಾಗಿ ದಿಕ್ಕು ಹೇಳಿತು. ದೋಣಿಯಲ್ಲಿಟ್ಟ, ತಪ್ಪು ಹೇಳಿತು. ಡಬ್ಬಿಯನ್ನು ಅಂಗೈಯಲ್ಲಿ ಹಿಡಿದು ದೋಣಿಯ ಹಿಂಬದಿಯಿಂದ ಮೂತಿಯವರೆಗೆ ಹೆಜ್ಜೆ ಹೆಜ್ಜೆಯಾಗಿ ನಡೆದ. ಆಗ ಮಾತ್ರ ನನ್ನ ಹಳೆಯ ನಂಬಿಕೆ ನಿಜವೆನಿಸಿತು, ಅವನು ಏನನ್ನೋ ತೋರಿಸುವವನೇ. ಮೂತಿಯ ಬಳಿ ನಿಂತ. ಬಗ್ಗಿ ಹಲಗೆಯ ಕೆಳಗೆ ಕೈ ಹಾಕಿದ. ಲಿಂಬೆಹಣ್ಣು, ಹಸಿಮೆಣಸಿನಕಾಯಿ, ಕರಿ ದಾರ. ದಾರದ ತುದಿಯಲ್ಲಿ ಅಂಗೈಯಗಲದ ಎತ್ತಿನ ಲಾಳ, ಓಲಾಡುತ್ತ.

"ಅಕ್ಕಾ, ಇದನ್ನ ಯಾವಾಗ ಕಟ್ಟಿದಿ?"

"ನಿನ್ನಿ ಅಮಾಸಿ ಇತ್ತಲ್ಲೋ ತಮ್ಮಾ," ಎಂದಳು ಅಲ್ಲವ್ವ. "ಗಾಡಿ, ಟ್ರ್ಯಾಕ್ಟರ್, ಎಲ್ಲಾಕ್ಕೂ ಕಟ್ಟತಾರ. ಹೊಸಾ ಮಿಸಿನ ಕೂಡಿಸಿ ದೃಷ್ಟಿಗೆ ಏನೂ ಕಟ್ಟಲಿಲ್ಲ ಅಂದ್ರ ಹೆಂಗ?"

ದಂಡೆಯ ಮೇಲಿನ ಚೀಲದಿಂದ ಸಿದ್ರಾಯನ ಕತ್ತರಿ ಹೊರಬಂದಿತ್ತು. ಎರಡು ವರ್ಷದ ಆದಿತ್ಯವಾರಗಳೆಲ್ಲ ಆ ಕತ್ತರಿಯ ಬಾಯಲ್ಲಿದ್ದವು.

"ಅವತ್ತಿನ ಅಮಾಸಿಗೆ ನಾ ಕಟ್ಟಲಿಲ್ಲ," ಎಂದಳು ಅಲ್ಲವ್ವ, ಗಂಡನಿಗೆ ಕೇಳದ ಹಾಗೆ. "ಜ್ವರ ಬಂದಿತ್ತು ನನಗ, ಮಲಗಿದ್ನಿ. ನಾಲ್ಕು ದಿನಕ್ಕ ಇವರಿಗೆ ಕೈ ಹೋತು."

ಕತ್ತರಿ ಚೀಲಕ್ಕೆ ಮರಳಿತು. ಆಮೇಲೆ ಸಿದ್ರಾಯ ಉಸಿರು ಬಿಟ್ಟ. ಅಷ್ಟು ಉದ್ದದ ಉಸಿರು ಆ ಸಣ್ಣ ದೇಹದಲ್ಲಿತ್ತೆಂದು ನನಗೆ ಗೊತ್ತಿರಲಿಲ್ಲ.

"ನಾಲ್ಕು ಮೊಳಿ ಕೊಡಕ್ಕಾ," ಎಂದ.

ಲಾಳವನ್ನು ದೋಣಿಯ ಮೂತಿಗೆ ಅಲ್ಲಾಡದಂತೆ ಬಡಿದ. ಬಡಿಯುತ್ತ ನನಗೆ ಹೇಳಿದ: "ಕಬ್ಬಿಣ ಕುಂತಲ್ಲೆ ಕುಂತಿದ್ರ ತ್ರಾಸಿಲ್ರಿ, ಲೆಕ್ಕಕ್ಕ ಹಿಡೀಬಹುದು. ಜೋತಾಡಿದ್ರ ಕಷ್ಟ." ನಂತರ ಅಕ್ಕನ ಕಡೆ ತಿರುಗಿ, "ಲಿಂಬಿಹಣ್ಣು ಬೇಕಾದಷ್ಟು ಕಟ್ಟು. ಕಬ್ಬಿಣ ಮಾತ್ರ ಇದೊಂದ. ನೆನಪಿಟಗೋ."

"ಅಂದ್ರ ಲಾಳದಿಂದ ಏನೂ ಆಗಿಲ್ಲಲ್ಲ?"

"ಇಲ್ಲ. ನನ್ನ ತಪ್ಪು. ಮಿಸಿನಕ್ಕ ಲಾಳದ ಗುರುತು ಹೇಳಿಕೊಟ್ಟಿರಲಿಲ್ಲ."

ಇನ್ನು ಲಾಳ ಸಮೇತ ದಿಕ್ಕು ಕಲಿಸಬೇಕು. ದೋಣಿಯನ್ನು ಅಂಗೈಯಲ್ಲಿಟ್ಟು ಎಂಟರ ಅಂಕಿ ಬರೆಯಲಾಗುವುದಿಲ್ಲ. ಮೊಣಕಾಲು ನೀರಿನಲ್ಲಿ ಇಳಿದು ಅವನು ಮೂತಿ ಹಿಡಿದ, ನಾನು ಹಿಂಬದಿ. ದೋಣಿಯನ್ನು ನಿಂತಲ್ಲೇ ಸುತ್ತಿಸಿದೆವು. ಒಂದು, ಎರಡು, ಎಂಟು ಸುತ್ತು. ಗಾಣದ ಎತ್ತಿಗೆ ಏನನ್ನಿಸುತ್ತದೆಂದು ತಿಳಿಯಿತು. ಪ್ರತಿ ಸುತ್ತಿಗೂ ಸಿದ್ರಾಯ ಮೊಣಕಾಲು ಒತ್ತಿಕೊಳ್ಳುತ್ತಿದ್ದ. ಸತ್ತೆಪ್ಪ ದೋಣಿಯಲ್ಲಿ ಕೂತು ಸುತ್ತುತ್ತ, "ನನಗ ತಲಿ ತಿರಗಾಕತ್ತೈತಿ, ಮಿಸಿನಕ್ಕ ಬುದ್ಧಿ ಬಂತೋ ಇಲ್ಲೋ?" ಎಂದ. ಆ ದಿನ ಅವನು ಆಡಿದ ಮೊದಲ ಮಾತು.

ಉದ್ದಪ್ಪನವರು ಮೊದಲು ಒಪ್ಪಲಿಲ್ಲ. "ಪರೀಕ್ಷಾ ಒಂದ ಸಲ. ನಿಯಮ ಅಂದ್ರ ನಿಯಮ."

ಸಿದ್ರಾಯ ವಾದ ಮಾಡಲಿಲ್ಲ, ದಣಿದಿದ್ದ. "ಆತ್ರಿ. ಆದ್ರ ಮಂದಿ ಮನಿಗೆ ಹೋಗಾಕತ್ತಾರ. ನಿಮ್ಮ ಮುಖ ಸುತ್ತಿದ್ದಷ್ಟ ನೋಡ್ಯಾರ್ರಿ, ಆಚಿ ದಂಡಿ ಮುಟ್ಟಿದ್ದು ನೋಡಿಲ್ಲ."

ಉದ್ದಪ್ಪನವರು ಹಾಯಿಯ ಮೇಲಿನ ತಮ್ಮನ್ನು ನೋಡಿದರು. ಹೋಗುತ್ತಿದ್ದ ಜನರನ್ನು ನೋಡಿದರು. ತಾವೇ ಧ್ವನಿವರ್ಧಕ ಹಿಡಿದು ಎಲ್ಲರನ್ನೂ ವಾಪಸು ಕರೆದರು.

ಈ ಸಲ ದೋಣಿ ನೆಟ್ಟಗೆ ಹೋಯಿತು. ಗಡಿಬಿಡಿಯಿಲ್ಲದೆ, ದಣಿದ ಎತ್ತು ಮನೆ ದಾರಿ ಹಿಡಿದ ಹಾಗೆ. ಉದ್ದಪ್ಪನವರ ಮುಖ ಪಾತ್ರೆಯ ಮುಚ್ಚಳದಷ್ಟಾಯಿತು, ಅಂಗೈಯಷ್ಟಾಯಿತು, ಕೊನೆಗೆ ಅಂಚೆ ಚೀಟಿಯಷ್ಟು. ಯಾವ ಸರ್ಕಾರವೂ ಅವರನ್ನು ಅಷ್ಟರಮಟ್ಟಿಗೆ ಗೌರವಿಸಿರಲಿಲ್ಲ. ಆಮೇಲೆ ಅದೂ ಕಾಣಲಿಲ್ಲ. ಅಲ್ಲವ್ವ ನೀರಿಗೆ ಬೆನ್ನು ಮಾಡಿ ಕೂತಿದ್ದಳು. ಸಿದ್ರಾಯ ಬೋರಲು ಬಕೀಟಿನ ಮೇಲೆ ಕೂತು, ಕಾಲು ನೀರಿನಲ್ಲಿ ಬಿಟ್ಟು, ಕಣ್ಣು ಮುಚ್ಚಿದ್ದ. ನಿದ್ದೆ ಎಂದುಕೊಂಡೆ. ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದ.

"ಬಟನ್ ಒತ್ತಿರಬೇಕು," ಎಂದ ಬಹಳ ಹೊತ್ತಿನ ಮೇಲೆ.

ಅಂಚೆ ಚೀಟಿ ಮತ್ತೆ ಮೂಡಿತು. "ಅಕ್ಕಾ, ತಿರುಗಿ ನೋಡು," ಎಂದ. ಆಕೆ ನೋಡಲಿಲ್ಲ. ದೋಣಿಯ ಮೂತಿ ಕೆಸರಿಗೆ ತಾಗಿದ ಸಪ್ಪಳ ಕೇಳಿದ ಮೇಲೆಯೇ ಎದ್ದಳು. ಸತ್ತೆಪ್ಪ ಇಳಿಯುತ್ತ ಯಾರಿಗೂ ಕೈ ಕೊಡಲಿಲ್ಲ.

ಶಾಲು ಹೊದಿಸಿದರು, ಹಾರ ಹಾಕಿದರು, ಪಾಸನ್ನು ಬಲಗೈಗೆ ಕೊಟ್ಟರು. ಒಂದೇ ಫೋಟೋದಲ್ಲಿ ಇಬ್ಬರು ಉದ್ದಪ್ಪನವರು ಬಂದರು, ಒಬ್ಬರು ನೆಲದ ಮೇಲೆ, ಒಬ್ಬರು ಬಿದಿರಿನ ಮೇಲೆ. ಇಂಥ ಯಂತ್ರಕ್ಕೆ ಒಂದು ತೂಕದ ಹೆಸರು ಬೇಕು, ಊರಿನ ಹಿರಿಯರದ್ದಾದರೆ ಚೆಂದ ಎಂದು ಅವರು ನನ್ನ ಕಿವಿಯಲ್ಲಿ ಹೇಳಿದರು. ನನಗೂ ಹೌದೆನಿಸಿತು. ಬರೆಯುವವರಿಗೆ ಹೆಸರಿಲ್ಲದೆ ಏನೂ ಕಾಣುವುದಿಲ್ಲ.

ಸಿದ್ರಾಯ ಮೊಣಕಾಲಿಗೆ ಒದ್ದೆ ಟವೆಲ್ ಸುತ್ತಿಕೊಳ್ಳುತ್ತಿದ್ದ. ಹತ್ತಿರ ಹೋಗಿ ಕೇಳಿದೆ: "ಸಿದ್ರಾಯ ಅವರ, ಈ ಮಿಸಿನಕ್ಕ ಏನು ಹೆಸರಿಡೂಣ್ರಿ?"

ಅವನು ತಲೆಯೆತ್ತಿ ನನ್ನನ್ನು ನೋಡಿದ. ಅವತ್ತು ತೆಂಗಿನಕಾಯಿ ನೋಡಿದಾಗ ಇದ್ದ ಅದೇ ಮುಖ.

"ಅದು ನಮ್ಮ ಸತ್ತೆಪ್ಪ ಮಾಮಾನ ಕೈ ಐತ್ರಿ. ಕೈಗೆ ಯಾರರ ಹೆಸರಿಡ್ತಾರೇನ್ರಿ? ಬ್ಯಾಟರಿ ಎತ್ತಿರಿ, ಬಸ್ಸಿನ ಟೈಮ್ ಆತು."