ವಿಲನ್ ಪದ ಮತ್ತು ಈರಣ್ಣ ಮೇಷ್ಟ್ರು

ಸಿಟ್ಟು ಬಂದರೆ ಈರಣ್ಣ ಮೇಷ್ಟ್ರು ಮೊದಲು ಕನ್ನಡಕ ತೆಗೆದು ಜೇಬಿಗಿಡುತ್ತಿದ್ದರು. ಎದುರಿಗಿದ್ದವರ ಮುಖ ಮಸುಕಾಗಿ ಕಂಡರೆ ಬೈಯುವುದು ಸಲೀಸು ಎಂದು ಅವರೇ ಹೇಳುತ್ತಿದ್ದರು. ಹಿರಿಯೂರಿನ ನಮ್ಮ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಕುರಿ ಕಾಯುವ ಮನೆಯಿಂದ ಬಂದು ಬಿ.ಎ. ಮಾಡಿದ್ದರು. ಸ್ವಾತಂತ್ರ್ಯ ಬಂದು ಹದಿನೈದಿಪ್ಪತ್ತು ವರ್ಷವಾಗಿದ್ದ ಕಾಲವದು.

ಒಂದು ದಿನ ಪಾಠದಲ್ಲಿ ‘ವಿಲನ್’ ಎಂಬ ಪದ ಬಂತು. ಅರ್ಥ ಕೇಳಿದರು.

“ಸಿನಿಮಾದಾಗೆ ಕೆಟ್ಟೋನು ಸಾರ್!” ಎಂದು ಇಡೀ ಕ್ಲಾಸು ಕೂಗಿತು.

ಕನ್ನಡಕ ಜೇಬಿಗೆ ಹೋಯಿತು.

“ಕೆಟ್ಟೋನಲ್ಲ ಕಣ್ರಲೇ, ನಿಮ್ಮಪ್ಪ! ಲ್ಯಾಟಿನ್ನಾಗೆ ವಿಲ್ಲಾ ಅಂದ್ರೆ ಹೊಲದ ಮನೆ. ಅಲ್ಲಿ ಧಣಿ ಹೊಲ ಉಳೋನೇ ವಿಲನ್. ಹಳ್ಳಿಯೋನು ಒರಟ, ಹಳ್ಳಿಯೋನು ಕಳ್ಳ ಅಂತ ಧಣಿಗಳು ಅಂದೂ ಅಂದೂ, ಆ ಹೆಸರೇ ಬೈಗುಳ ಆತು. ನಮ್ಮೋರೇನು ಕಮ್ಮಿನಾ? ಗ್ರಾಮದೋನ್ನ ಗಮಾರ ಮಾಡಿಲ್ವಾ?”

ಅದೇ ವರ್ಷ ಚಿತ್ರದುರ್ಗದಲ್ಲಿ ಭಾಷಣ ಸ್ಪರ್ಧೆ. ಜವನಗೊಂಡನಹಳ್ಳಿ ಕಡೆಯ ಹುಡುಗಿಯಾದ ನನ್ನನ್ನು ಮೇಷ್ಟ್ರೇ ಕರೆದೊಯ್ದರು. ವಿಷಯ, ನಮ್ಮ ಊರು. “ನಮ್ಮೂರಾಗೆ ಬಾವಿ ಐತೆ, ಆದ್ರೆ ಎಲ್ರಿಗೂ ಸೇದಾಕೆ ಬಿಡಲ್ಲ” ಎಂದು ಶುರುಮಾಡಿದೆ. ತೀರ್ಪುಗಾರರಾಗಿ ಬಂದಿದ್ದ ವಕೀಲರು ಕೈಯೆತ್ತಿ ತಡೆದರು.

“ಇದೇನಮ್ಮ ಗ್ರಾಮ್ಯ! ಶುದ್ಧವಾಗಿ ಮಾತಾಡೋದು ಕಲಿತು ಬಾ.”

ಸಭೆ ಗೊಳ್ಳೆಂದಿತು. ಹಿಂದಿನ ಸಾಲಿನಿಂದ ಮೇಷ್ಟ್ರು ಎದ್ದರು. “ಹುಡುಗಿ ಬಾವಿ ವಿಷ್ಯ ಹೇಳ್ತೈತೆ. ನಿಮಗೆ ‘ಐತೆ’ ಅನ್ನೋದೊಂದೇ ಕೇಳಿಸ್ತೇನ್ರಿ? ಹಳ್ಳಿ ಮಾತಂದ್ರೆ ಹೊಲಸೇನ್ರಿ?”

ನನ್ನ ಭಾಷಣ ಅಲ್ಲಿಗೇ ನಿಂತಿತು.

ವಕೀಲರಿಗೆ ಕ್ಷಮಾಪಣೆ ಬರೆದುಕೊಡಿ ಎಂದರು ಹೆಡ್‌ಮಾಸ್ತರು. ಮೇಷ್ಟ್ರು ವಿಲನ್ ಪದದ ಹುಟ್ಟನ್ನು ನಾಲ್ಕು ಪುಟ ಬರೆದುಕೊಟ್ಟರು. ಕ್ಷಮೆ ಯಾರು ಕೇಳಬೇಕೆಂಬುದನ್ನು ತಾವೇ ತೀರ್ಮಾನಿಸಿ ಎಂದು ಮುಗಿಸಿದ್ದರು. ತಿಂಗಳೊಳಗೆ ಹೊಸದುರ್ಗದಾಚೆಗೆ ವರ್ಗವಾಯಿತು. ಹೊರಟ ದಿನ ನಾನು ಅತ್ತಿದ್ದಕ್ಕೂ ಬೈದರು. “ಅಳಬ್ಯಾಡ. ಸಿಟ್ಟು ಮಾಡ್ಕ. ಅದು ಬಾಳಿಕೆ ಬರ್ತೈತೆ.”

ಎಷ್ಟೋ ವರ್ಷಗಳ ಮೇಲೆ, ಅವರು ನಿವೃತ್ತರಾಗಿ ಬಿ.ದುರ್ಗದಲ್ಲಿದ್ದಾಗ, ನೋಡಲು ಹೋದೆ. ನಾನು ಕನ್ನಡ ಟೀಚರ್ ಆಗಿದ್ದೇನೆಂದು ಕೇಳಿ ಮುಖವೆಲ್ಲ ಅರಳಿತು. ಟೀ ಮಾಡಿಸಿದರು. ಆಮೇಲೆ ಕೇಳಿದರು:

“ಮಕ್ಕಳು ಪರೀಕ್ಷೆಯಾಗೆ ‘ಐತೆ’ ಅಂತ ಬರೆದ್ರೆ ಏನ್ಮಾಡ್ತೀಯವ್ವ?”

“ಅರ್ಧ ಮಾರ್ಕು ಕಳೀತೀನಿ ಸಾರ್. ರೂಲ್ಸು ಹಂಗೈತೆ.”

ಕನ್ನಡಕ ತೆಗೆದು ಜೇಬಿಗಿಟ್ಟರು. “ಹಂಗಾರೆ ನೀನೂ ಧಣಿಯಾದೆ ಬಿಡು” ಎಂದು ಎದ್ದು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ.

ಬಸ್ಸು ಹೊಳಲ್ಕೆರೆ ಮುಟ್ಟುವವರೆಗೂ ಅವರ ಮೇಲೆ ಕುದಿಯುತ್ತಿದ್ದೆ. ಹೊಟ್ಟೆಪಾಡಿನ ಕೆಲಸ, ನಾನೇನು ಮಾಡಲಿ ಎಂದು ಮನಸ್ಸಿನಲ್ಲೇ ಜಗಳವಾಡಿದೆ. ಆದರೆ ಮುಂದಿನ ಪರೀಕ್ಷೆಯಲ್ಲಿ ಮಾರ್ಕು ಕಳೆಯಲು ಕೈ ಬರಲಿಲ್ಲ. ಅದನ್ನು ಹೇಳೋಣವೆಂದು ಬೇಸಿಗೆ ರಜೆಯಲ್ಲಿ ಹೋದರೆ, ಮೇಷ್ಟ್ರು ಮಣ್ಣಾಗಿ ಹದಿನೈದು ದಿನವಾಗಿತ್ತು.