ತಗಡು ಮೇಸ್ತ್ರಿಯ ಅಳತೆಕೋಳಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮನೆಗೆ ಒತ್ತಿಕೊಂಡಿರುವ ಶೆಡ್ಡಿನಲ್ಲಿ ಟಣ್ ಟಣಾಟಣ್ ಶುರುವಾಗಿದೆ. ಬೀದಿಯ ಕೊನೆಮನೆಯ ಹುಂಜ ಕತ್ತು ಚಾಚಿ ‘ಕೊಕ್ಕೊ’ ಅನ್ನುವಷ್ಟರಲ್ಲಿ ಮೇಸ್ತ್ರಿಯ ಸುತ್ತಿಗೆ ಒಂದು ಸುತ್ತು ಕೂಗಿ ಮುಗಿಸಿರುತ್ತದೆ. ಬೆಳಗಾಯಿತೆಂದು ಸಾರುವುದರಲ್ಲಿ ಇಬ್ಬರಿಗೂ ಹಳೆಯ ಪೈಪೋಟಿ. ಪಾಪ, ಸುತ್ತಿಗೆ ತಯಾರು ಮಾಡುತ್ತಿರುವುದು ತನಗೇ ಅಂತ ಹುಂಜಕ್ಕೆ ಗೊತ್ತಿಲ್ಲ.

ಮೇಸ್ತ್ರಿ ತಗಡನ್ನು ಮೊಣಕಾಲಿಗೆ ಒತ್ತಿ ಬಗ್ಗಿಸುತ್ತಾರೆ, ಅಂಚಿಗೆ ಅಂಚು ಮಡಚಿ ಹೊಡೆಯುತ್ತಾರೆ. ಮೇಲೆ ಅಗಲ ಬಾಯಿ, ಕೆಳಗೆ ಕಿರಿದಾದ ತೂತು. ನೋಡಿದರೆ ಮೊಣಕೈ ಉದ್ದದ ಲಾಳಿಕೆ. ಮನೆಯಲ್ಲೇ ಕೋಳಿ ಸಾಕಿ ಮನೆಯಲ್ಲೇ ಕೊಯ್ಯುವವರು ಇದನ್ನು ಗೋಡೆಗೆ ಹೊಡೆದುಕೊಳ್ಳುತ್ತಾರೆ. ಕೋಳಿಯನ್ನು ತಲೆಕೆಳಗಾಗಿ ಇಳಿಸಿದರೆ ಕತ್ತು ಮಾತ್ರ ಕೆಳಗೆ ಬರುತ್ತದೆ. ರೆಕ್ಕೆ ಬಡಿತವಿಲ್ಲ, ಮೂಳೆ ಮುರಿತವಿಲ್ಲ, ಹಿಡಿದವರ ಮುಖಕ್ಕೆ ಪರಚುಗಾಯವಿಲ್ಲ.

ಮೇಸ್ತ್ರಿಯ ಅಪ್ಪ ಮಾಡುತ್ತಿದ್ದದ್ದು ಎಣ್ಣೆ ಹುಯ್ಯುವ ಲಾಳಿಕೆ. ಪ್ಲಾಸ್ಟಿಕ್ ಬಂದು ಅದಕ್ಕೆ ಎಳ್ಳುನೀರಲ್ಲ, ಎಣ್ಣೆನೀರೇ ಬಿಟ್ಟಿತು. ಮೇಸ್ತ್ರಿ ಕೈಕಟ್ಟಿ ಕೂತಿದ್ದ ಕಾಲದಲ್ಲಿ ಪಕ್ಕದ ಮನೆಯವನೊಬ್ಬ ಬಂದು, ಕೋಳಿ ಹಿಡಿಸುವಷ್ಟು ದೊಡ್ಡ ಲಾಳಿಕೆ ಬೇಕು ಅಂದ. “ಯಾಕಪ್ಪ, ಕೋಳಿನ ಬಾಟ್ಲಿಗೆ ಹುಯ್ತೀಯಾ ಅಂತ ಕೇಳಿದೆ” ಎಂದು ಮೇಸ್ತ್ರಿ ನಗುತ್ತಾರೆ. ಈಗ ಕೈ ಓಡಿದ ದಿನ ಮೂರು ಆಗುತ್ತವೆ, ಓಡದ ದಿನ ಒಂದು. ಜೊತೆಗೆ ಬಿಸಿನೀರಿನ ಡ್ರಮ್ಮಿಗೆ ಮುಚ್ಚಳ, ಪುಕ್ಕ ಸೋಸುವ ಜರಡಿ, ಕರುಳು ಜಾರಿಸುವ ಓರೆ ತಟ್ಟೆ. ತಗಡು ಕೊಯ್ದೂ ಕೊಯ್ದೂ ಬೆರಳಿನ ಗೆರೆಗಳೆಲ್ಲ ಅಳಿಸಿವೆ. “ನನ್ನ ಫೋನೇ ನನ್ನ ಹೆಬ್ಬೆಟ್ಟನ್ನ ಯಾರಪ್ಪ ನೀನು ಅನ್ನುತ್ತೆ. ನಮ್ಮನೆಯವಳು ಒತ್ತಿದ್ರೆ ಮಾತ್ರ ಬಾಗಿಲು ತೆಗೆಯೋದು.”

ಶೆಡ್ಡಿನಲ್ಲಿ ಅಳತೆಪಟ್ಟಿಯೂ ಇಲ್ಲ, ಅಚ್ಚೂ ಇಲ್ಲ. ಇರುವುದು ಒಂದು ಕಂದು ಹೇಂಟೆ. ಅಳತೆಗೋಲಲ್ಲ, ಅಳತೆಕೋಳಿ. ಹೆಸರು ಇನ್‌ಸ್ಪೆಕ್ಟರಮ್ಮ. ಪ್ರತಿ ಲಾಳಿಕೆಯೂ ಶೆಡ್ಡು ಬಿಡುವ ಮೊದಲು ಅವಳನ್ನು ಒಳಗಿಳಿಸುತ್ತಾರೆ. ಬಿಗಿಯಾದರೆ ಗೊಣಗುತ್ತಾಳೆ, ಸಡಿಲಾದರೆ ಒದೆಯುತ್ತಾಳೆ, ಸರಿಯಾಗಿದ್ದರೆ ಕಣ್ಣು ಮುಚ್ಚುತ್ತಾಳೆ. ಕಣ್ಣು ಮುಚ್ಚಿದರೆ ಪಾಸು. ಕಣ್ಣು ಮುಚ್ಚಿಕೊಂಡು ಪಾಸು ಮಾಡುವ ಇನ್‌ಸ್ಪೆಕ್ಟರುಗಳು ಬೇಕಾದಷ್ಟಿದ್ದಾರೆ. ಅದಕ್ಕಾಗಿ ತಲೆಕೆಳಗಾಗಿ ನೇತಾಡುವವಳು ಇವಳೊಬ್ಬಳೇ. “ಟೇಪು ಅಗಲ ಹೇಳುತ್ತೆ. ಒಳಗಿರೋರಿಗೆ ಭಯ ಆಗ್ತಿದ್ಯಾ ಅಂತ ಹೇಳಲ್ಲ” ಎನ್ನುತ್ತಾರೆ ಮೇಸ್ತ್ರಿ.

ತೊಂದರೆ ಶುರುವಾದದ್ದು ಕಳೆದ ವಾರ. ಹಿಂದಿನ ಬೀದಿಯ ಬಸ್ ಕಂಡಕ್ಟರು ಹೊಸ ಲಾಳಿಕೆಯನ್ನು ವಾಪಸು ಹೊತ್ತು ತಂದರು. ಅವರ ಹುಂಜ ಒಳಗೇ ಪಲ್ಟಿ ಹೊಡೆದು, ತಲೆ ಮೇಲೆತ್ತಿ, ಎದುರಾಬದುರಾಗಿ ನೋಡಿತಂತೆ. “ತಲೆ ಕೆಳಗೆ ಹಾಕಿದ ಪ್ಯಾಸೆಂಜರು ಎದ್ದು ನಿಂತು, ಸ್ಟಾಪ್ ಬಂತಾ ಅನ್ನೋ ಹಾಗೆ ನೋಡ್ತು ಮೇಸ್ತ್ರಿ! ಚಾಕು ಹಿಡಿದ ಕೈ ಅಲ್ಲೇ ನಿಂತೋಯ್ತು.” ಅದೇ ವಾರ ಇನ್ನೂ ಎರಡು ಮನೆಯಿಂದ ಇದೇ ದೂರು.

ಕೈ ಹೋಯಿತು, ಕಣ್ಣು ಹೋಯಿತು, ಇನ್ನು ಕಸುಬು ಹೋಯಿತು ಎಂದು ಮೇಸ್ತ್ರಿ ಊಟ ಬಿಟ್ಟರು. ಹೆಂಡತಿ ಇನ್‌ಸ್ಪೆಕ್ಟರಮ್ಮನನ್ನು ಎತ್ತಿ ತೂಗಿ ನೋಡಿ, “ರೀ, ಕೈ ಅಲ್ಲ, ಕೋಳಿ. ಅಳತೆಗೇ ಹೊಟ್ಟೆ ಬಂದಿದೆ” ಅಂದರು. ವಯಸ್ಸಾದ ಹೇಂಟೆ ಗೊತ್ತಾಗದ ಹಾಗೆ ದಪ್ಪಗಾಗುತ್ತ ಬಂದಿದ್ದಳು. ಲಾಳಿಕೆಗಳೂ ಅವಳ ಜೊತೆಗೇ ದಪ್ಪಗಾಗಿದ್ದವು.

ಹೆಂಡತಿಯ ತೀರ್ಪೂ ಅಲ್ಲೇ ಹೊರಬಿತ್ತು. “ಮೊಟ್ಟೆ ಇಡಲ್ಲ, ಅಳತೆಗೂ ಬರಲ್ಲ. ಭಾನುವಾರ ಸಾರಿಗೆ ಬರ್ತಾಳೆ.”

ಇವತ್ತು ಭಾನುವಾರ. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಿಟ್ಟಾಗಿದೆ. ಶೆಡ್ಡಿನ ಬಾಗಿಲಲ್ಲಿ ಕಂಡಕ್ಟರು ತಮ್ಮ ಬದಲಿ ಲಾಳಿಕೆಗೆ ಕಾಯುತ್ತಿದ್ದಾರೆ. ಹೊಸದಾಗಿ ತಂದ ಎಳೆ ಹೇಂಟೆಗೆ ಇದು ಮೊದಲ ಡ್ಯೂಟಿ. ಇಳಿಸಿದ್ದೇ ತಡ, ಕ್ಯಾಕ್ ಕ್ಯಾಕ್ ಕ್ಯಾಕಕ್ಕಕ್ ಎಂದು ಬೀದಿಯನ್ನೇ ಎಬ್ಬಿಸುತ್ತದೆ. ಮೇಸ್ತ್ರಿ ಹೊರತೆಗೆದು ಅಂಚು ಬಡಿಯುತ್ತಾರೆ, ಮತ್ತೆ ಇಳಿಸುತ್ತಾರೆ. ಮತ್ತೆ ಅದೇ ರಂಪ. ಲಾಳಿಕೆ ಬಿಗಿಯೋ, ಕೋಳಿಗೆ ದಿಗಿಲೋ, ಹೇಳುವವರಿಲ್ಲ. ಮೇಸ್ತ್ರಿ ಸುತ್ತಿಗೆ ಕೆಳಗಿಡುತ್ತಾರೆ.

ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಬಂದು, ಕಂಡಕ್ಟರು ವಾಪಸು ಮಾಡಿದ ದೊಡ್ಡ ಲಾಳಿಕೆಯನ್ನು ಪಕ್ಕದ ಮೊಳೆಗೆ ತಗುಲಿಸುತ್ತಾರೆ. ಇನ್‌ಸ್ಪೆಕ್ಟರಮ್ಮನನ್ನು ಕಂಕುಳಲ್ಲಿ ತಂದು ಅದರೊಳಗೆ ಇಳಿಸುತ್ತಾರೆ. “ನೀನಾದ್ರೂ ಹೇಳಿಕೊಡೇ ಅದಕ್ಕೆ.”

ಇನ್‌ಸ್ಪೆಕ್ಟರಮ್ಮ ಒಮ್ಮೆ ‘ಕುರ್ರ್’ ಅಂದು ಕಣ್ಣು ಮುಚ್ಚುತ್ತಾಳೆ. ಎಳೆಯದು ಇನ್ನೂ ಎರಡು ಸಲ ಕ್ಯಾಕ್ ಅನ್ನುತ್ತದೆ, ಒಂದು ಸಲ ಕ್ಯಾ ಅನ್ನುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಕಣ್ಣಿನ ಮೇಲೆ ಪೊರೆ ಎಳೆದುಕೊಳ್ಳುತ್ತದೆ. ಪಾಸು. ಮೇಸ್ತ್ರಿ ಅದನ್ನು ಎತ್ತಿ ಹೊರಗೆ ಬಿಟ್ಟು, ಲಾಳಿಕೆ ಕಳಚಿ ಕಂಡಕ್ಟರ ಕೈಗೆ ಕೊಡುತ್ತಾರೆ.

ಕಂಡಕ್ಟರು ಹೊರಡದೆ ಇನ್ನೊಂದು ಲಾಳಿಕೆಯನ್ನು ನೋಡುತ್ತಾರೆ. ಕೆಳಗೆ ಕತ್ತು ಇಳಿಬಿದ್ದಿದೆ, ಕಣ್ಣು ಮುಚ್ಚಿದೆ. “ಅಕ್ಕ, ಹೇಗೂ ಸೀಟಲ್ಲೇ ಕೂತಿದೆ. ಚಾಕು ಇದೆ ನನ್ ಹತ್ರ. ಟಿಕೆಟ್ ಹರಿದುಬಿಡ್ಲಾ?”

ಹೆಂಡತಿ ಗಂಡನ ಮುಖ ನೋಡುತ್ತಾರೆ.

“ಬೇಡ ಕಂಡಕ್ಟ್ರೇ” ಎನ್ನುತ್ತಾರೆ ಮೇಸ್ತ್ರಿ. “ಈವಯ್ಯ ಹೊರಗೆ ತೆಗೀತಾನೆ ಅಂತ ನಂಬ್ಕೊಂಡು ಅವಳು ಕಣ್ಣು ಮುಚ್ಚೋದು. ಒಂದ್ಸಲ ತೆಗೀದೇ ಹೋದ್ರೆ, ಇಲ್ಲೀವರೆಗೆ ತೆಗೆದಿದ್ದೆಲ್ಲ ಸುಳ್ಳಾಗುತ್ತೆ.”

ಕಂಡಕ್ಟರು ಲಾಳಿಕೆ ಹೆಗಲಿಗೇರಿಸಿ ಹೊರಡುತ್ತಾರೆ. “ಹೆಚ್ಚಿದ ಈರುಳ್ಳಿ ನನ್ ತಲೆಗೆ ಹಾಕ್ಕೊಳ್ಲಾ?” ಎಂದು ಗೊಣಗುತ್ತಲೇ ಹೆಂಡತಿ ಎರಡೂ ಕೈ ಹಾಕಿ ಇನ್‌ಸ್ಪೆಕ್ಟರಮ್ಮನನ್ನು ಎತ್ತಿ ನೆಲಕ್ಕೆ ಬಿಡುತ್ತಾರೆ. ಅವಳು ಮೈ ಕೊಡವಿ, ತಗಡಿನ ಚೂರುಗಳ ನಡುವೆ ಕಾಳು ಹುಡುಕಲು ಹೋಗುತ್ತಾಳೆ.

ಮುಂದಿನ ಆಸೆ ಏನೆಂದು ಕೇಳಿದರೆ ಮೇಸ್ತ್ರಿ ಸುತ್ತಿಗೆ ಎತ್ತಿಕೊಂಡು ಅವಳತ್ತ ತೋರಿಸುತ್ತಾರೆ. “ಜೀವಮಾನವೆಲ್ಲ ತಲೆಕೆಳಗಾಗಿ ದುಡಿದಿದ್ದಾಳೆ. ಹೋಗುವಾಗ ತಲೆ ಮೇಲೆತ್ಕೊಂಡು ಹೋಗ್ಲಿ. ಅಷ್ಟೇ.”